ಬಿಸಿಲು, ಮೋಡ, ಚಳಿ ಮತ್ತು ಮುಪ್ಪಿನ ಮನಸ್ಸು

ಋತು ಬದಲಾದಂತೆ ಮನುಷ್ಯನ ನಿದ್ದೆ, ಹಸಿವು, ಹುರುಪು ಎಲ್ಲವೂ ಅಷ್ಟಿಷ್ಟು ಬದಲಾಗುತ್ತವೆ. ಹರೆಯದ ದೇಹ ಈ ಏರಿಳಿತವನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ. ಅರವತ್ತು ದಾಟಿದ ದೇಹಕ್ಕೆ ಅದು ಅಷ್ಟು ಸಲೀಸಲ್ಲ. ಬೆವರುವ ಶಕ್ತಿ, ಬಾಯಾರಿಕೆಯ ಅರಿವು, ಕಣ್ಣಿನೊಳಗೆ ಇಳಿಯುವ ಬೆಳಕು, ಗಾಢ ನಿದ್ದೆಯ ಅವಧಿ ಇವೆಲ್ಲ ವಯಸ್ಸಿನೊಂದಿಗೆ ತಗ್ಗುತ್ತವೆ. ಹೀಗಾಗಿ ಹವೆಯ ಬದಲಾವಣೆ ಹಿರಿಯರ ದೇಹವನ್ನು ದಾಟಿ ಬೇಗನೆ ಮನಸ್ಸಿಗೆ ತಟ್ಟುತ್ತದೆ. ಗದಗ ತಾಲ್ಲೂಕಿನ ಕುರ್ತಕೋಟಿಯಂಥ ಎರೆಭೂಮಿಯ ಊರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡುತ್ತದೆ. ಹೊಲದ ಕೆಲಸ, ಮನೆಯಲ್ಲಿರುವ ಜನ, ಹಬ್ಬ, ಜಾತ್ರೆ, ಕೈಯಲ್ಲಿ ಓಡಾಡುವ ದುಡ್ಡು ಎಲ್ಲವೂ ಇಲ್ಲಿ ಋತುವಿನ ಜೊತೆಗೇ ಬದಲಾಗುತ್ತವೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹಿರಿಯರ ಮನಸ್ಸಿನ ಮೇಲೆ ಋತು ನಾಲ್ಕು ದಾರಿಗಳಲ್ಲಿ ಕೆಲಸ ಮಾಡುತ್ತದೆ: ದೇಹ, ನಿದ್ದೆ, ಕೆಲಸ ಮತ್ತು ಒಡನಾಟ. ಈ ನಾಲ್ಕನ್ನೂ ಒಂದಿಷ್ಟು ಸರಿಪಡಿಸಲು ಸಾಧ್ಯ. ಆದ್ದರಿಂದ ಒಂದು ಋತುವಿನಲ್ಲಿ ಹಿರಿಯರ ಮನಸ್ಸು ಕುಗ್ಗಿದರೆ ಅದನ್ನು ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗುವಂತಿಲ್ಲ.

ಬೆಳಕಿನ ಲೆಕ್ಕ

ಋತು ಮತ್ತು ಮನಸ್ಸಿನ ನಂಟಿನ ಬಗ್ಗೆ ಆಧುನಿಕ ವೈದ್ಯಶಾಸ್ತ್ರದ ಬಹುಪಾಲು ತಿಳಿವಳಿಕೆ ಬಂದದ್ದು ಶೀತದೇಶಗಳಿಂದ. ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಚಳಿಗಾಲದಲ್ಲಿ ಮಾತ್ರ ಮರಳಿ ಮರಳಿ ಬರುವ ಖಿನ್ನತೆಯನ್ನು ವಿವರಿಸಿದರು. ಅತಿಯಾದ ನಿದ್ದೆ, ಸಿಹಿ ತಿನ್ನುವ ಚಪಲ, ತೂಕ ಹೆಚ್ಚುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದರ ಲಕ್ಷಣಗಳು. ಹಗಲು ಕಿರಿದಾಗಿ ಬೆಳಕು ಸಾಲದೆ ಹೋಗುವುದೇ ಮುಖ್ಯ ಕಾರಣ. ಲಂಡನ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ತಾಸನ್ನೂ ಮುಟ್ಟುವುದಿಲ್ಲ. ಜೂನ್‌ನಲ್ಲಿ ಅದೇ ಹಗಲು ಹದಿನಾರೂವರೆ ತಾಸಿಗೆ ಹಿಗ್ಗುತ್ತದೆ. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಯ ಅತಿ ಕಿರಿದಾದ ಹಗಲು ಸುಮಾರು 11 ತಾಸು 10 ನಿಮಿಷ, ಅತಿ ದೀರ್ಘ ಹಗಲು 13 ತಾಸು. ವರ್ಷದುದ್ದಕ್ಕೂ ವ್ಯತ್ಯಾಸ ಎರಡು ತಾಸಿನೊಳಗೇ ಇದೆ. ಆದ್ದರಿಂದ ಶೀತದೇಶದ ಚಳಿಗಾಲದ ಖಿನ್ನತೆಯ ಮಾದರಿಯನ್ನು ಈ ಸೀಮೆಗೆ ಹಾಗೆಯೇ ತಂದು ಹೊಂದಿಸಲು ಬರುವುದಿಲ್ಲ.

ಬೇಸಿಗೆಯಲ್ಲಿ ಕಾಡುವ ಖಿನ್ನತೆಯನ್ನೂ ಅದೇ ಸಂಶೋಧಕರ ಬಳಗ 1987ರಲ್ಲಿ ಗುರುತಿಸಿತು. ಅದರ ಲಕ್ಷಣಗಳು ಬಹುಮಟ್ಟಿಗೆ ತಿರುಗುಮುರುಗು: ನಿದ್ದೆ ಕಡಿಮೆ, ಹಸಿವು ಕಡಿಮೆ, ತಳಮಳ, ಸಿಡುಕು, ತೂಕ ಇಳಿಯುವುದು. ಬಿಸಿಲ ನಾಡಿನ ಹಿರಿಯರನ್ನು ಕಂಡವರಿಗೆ ಈ ಚಿತ್ರವೇ ಹೆಚ್ಚು ಪರಿಚಿತ. ಚರಕಸಂಹಿತೆಯ ಋತುಚರ್ಯೆಯ ಅಧ್ಯಾಯವೂ ಇದೇ ದಿಕ್ಕನ್ನು ತೋರಿಸುತ್ತದೆ. ಅದರ ಪ್ರಕಾರ ಮನುಷ್ಯನ ಬಲ ತೀರ ಕುಗ್ಗುವುದು ಗ್ರೀಷ್ಮ ಮತ್ತು ವರ್ಷ ಋತುಗಳಲ್ಲಿ; ಬಲ ತುಂಬಿ ಬರುವುದು ಹೇಮಂತ ಮತ್ತು ಶಿಶಿರಗಳಲ್ಲಿ. ಯುರೋಪಿಗೆ ಚಳಿಗಾಲ ಮಂಕಿನ ಕಾಲವಾದರೆ ಈ ನೆಲಕ್ಕೆ ಅದು ಚೇತರಿಕೆಯ ಕಾಲ.

ಹಗಲಿನ ಉದ್ದ ಸಾಕಷ್ಟಿದ್ದರೂ ಬೆಳಕು ಹಿರಿಯರಿಗೆ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ದೇಹದ ಗಡಿಯಾರವನ್ನು ನಡೆಸುವುದು ಮಿದುಳಿನ ತಳಭಾಗದ ಒಂದು ಸಣ್ಣ ನರಗುಚ್ಛ. ಕಣ್ಣಿನ ಮೂಲಕ ಬರುವ ಬೆಳಗಿನ ಬೆಳಕೇ ಅದಕ್ಕೆ ಹೊತ್ತು ಹೇಳುವ ಸೂಚನೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪೊರೆ ಬರುತ್ತದೆ, ಪಾಪೆ ಕಿರಿದಾಗುತ್ತದೆ. ಒಳಗೆ ಹೋಗುವ ಬೆಳಕು, ಅದರಲ್ಲೂ ಗಡಿಯಾರಕ್ಕೆ ಬೇಕಾದ ನೀಲಿ ಬೆಳಕು, ಬಹಳಷ್ಟು ಕಡಿಮೆಯಾಗುತ್ತದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳ ಗೋಡೆ ದಪ್ಪ, ಕಿಟಕಿ ಸಣ್ಣವು, ನಡುಮನೆಗೆ ಬೆಳಕಿಂಡಿಯೊಂದೇ ಆಧಾರ. ಹೊರಗೆ ಬಿಸಿಲಿನ ಬೆಳಕು ಐವತ್ತು ಸಾವಿರ ಲಕ್ಸ್ ಮೀರಿರುವಾಗ ಒಳಕೋಣೆಯಲ್ಲಿ ನೂರು ಲಕ್ಸ್ ಕೂಡ ಇರಲಿಕ್ಕಿಲ್ಲ. ಹಾಸಿಗೆ ಹಿಡಿದ ಅಜ್ಜಿ ಬೆಳಕಿನ ನಾಡಿನಲ್ಲಿದ್ದೂ ಕತ್ತಲೆಯಲ್ಲೇ ದಿನ ಕಳೆಯುತ್ತಾಳೆ. ಹಗಲಿಡೀ ತೂಕಡಿಕೆ, ರಾತ್ರಿಯಿಡೀ ಎಚ್ಚರ ಎಂಬ ದೂರಿನ ಹಿಂದೆ ಅನೇಕ ಸಲ ಈ ಕಾರಣವಿರುತ್ತದೆ.

ಬೇಸಿಗೆ: ನಿದ್ದೆ ಕಸಿಯುವ ಕಾಲ

ಮಾರ್ಚ್‌ನಿಂದ ಮೇ ತನಕ ಹಿರಿಯರಿಗೆ ವರ್ಷದ ಅತಿ ಕಷ್ಟದ ಕಾಲ. ಏಪ್ರಿಲ್‌ನಲ್ಲಿ ಗದಗ ಸೀಮೆಯ ಹಗಲಿನ ಗರಿಷ್ಠ ತಾಪಮಾನ ಸಾಮಾನ್ಯವಾಗಿ 36ರಿಂದ 38 ಡಿಗ್ರಿಯ ಆಸುಪಾಸಿನಲ್ಲಿದ್ದು, ಕೆಲವು ದಿನ 40 ದಾಟುತ್ತದೆ. ಮನಸ್ಸಿನ ಮಟ್ಟಿಗೆ ಹಗಲಿನ ಬಿಸಿಗಿಂತ ರಾತ್ರಿಯ ಸೆಕೆ ಹೆಚ್ಚು ಹಾನಿಕರ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣ ಸ್ವಲ್ಪ ಇಳಿಯಬೇಕು. ಸಿಮೆಂಟಿನ ಸ್ಲ್ಯಾಬು ಮತ್ತು ತಗಡಿನ ಚಾವಣಿ ಹಗಲೆಲ್ಲ ಕಾಯ್ದಿರುತ್ತವೆ. ತಗಡು ಸಂಜೆಯಾದ ಮೇಲೆ ಬೇಗ ಆರುತ್ತದೆ. ಸ್ಲ್ಯಾಬು ನಡುರಾತ್ರಿಯವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ಮಣ್ಣಿನ ಮಾಳಿಗೆ ಈ ವಿಷಯದಲ್ಲಿ ಎರಡಕ್ಕಿಂತಲೂ ಮೇಲು. ಮನೆಯ ಕಿರಿಯರು ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರಿ ಗಾಳಿಗೆ ಮಲಗುತ್ತಾರೆ. ಮೊಣಕಾಲು ಸವೆದ ಹಿರಿಯರಿಗೆ ಏಣಿ ಹತ್ತಲು ಆಗದು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕಾದವರು ಮೇಲೆ ಮಲಗುವಂತೆಯೂ ಇಲ್ಲ. ಅವರು ಸೆಕೆಯ ಕೋಣೆಯಲ್ಲೇ ಉಳಿಯುತ್ತಾರೆ. ವಾರಗಟ್ಟಲೆ ನಿದ್ದೆಗೆಟ್ಟರೆ ಸಿಟ್ಟು, ಮರೆವು, ಅಳು, ಜೀವನವೇ ಬೇಡವೆನ್ನುವ ಮಾತು ಒಂದರ ಹಿಂದೆ ಒಂದು ಬರುತ್ತವೆ.

ಎರಡನೆಯ ತೊಂದರೆ ನೀರಿನ ಕೊರತೆ. ಮುಪ್ಪಿನಲ್ಲಿ ಮೈಯಲ್ಲಿ ನೀರು ಕಡಿಮೆಯಾದರೂ ಬಾಯಾರಿಕೆ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಬಚ್ಚಲು ದೂರವಿದ್ದರೆ ಪದೇ ಪದೇ ಏಳಬೇಕಾದೀತೆಂದು ಹಿರಿಯರು, ವಿಶೇಷವಾಗಿ ಹೆಣ್ಣುಮಕ್ಕಳು, ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ಇದರಿಂದ ಮೂತ್ರದ ಸೋಂಕು, ಮಲಬದ್ಧತೆ, ತಲೆಸುತ್ತು ಬರುತ್ತವೆ. ಕೆಲವರಲ್ಲಿ ಹಠಾತ್ತನೆ ಗೊಂದಲ ಕಾಣಿಸಿಕೊಳ್ಳುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜ ಇಂದು ಮಗನ ಗುರುತು ಹಿಡಿಯುವುದಿಲ್ಲ, ತೀರಿಹೋದವರನ್ನು ಕರೆಯುತ್ತಾನೆ, ಸಂಜೆಯಾದರೆ ಎದ್ದು ಹೊರಗೆ ನಡೆಯುತ್ತಾನೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಹೇಳಿ ಮನೆಯವರು ಸುಮ್ಮನಾದರೆ ಪ್ರಾಣಕ್ಕೇ ಅಪಾಯ. ಒಂದೆರಡು ದಿನಗಳಲ್ಲಿ ದಿಢೀರನೆ ಬಂದ ಗೊಂದಲ ಬಹುತೇಕ ಸೋಂಕಿನಿಂದಲೋ, ನೀರು ಅಥವಾ ಉಪ್ಪಿನ ಅಂಶ ಏರುಪೇರಾದದ್ದರಿಂದಲೋ, ಮಾತ್ರೆಗಳ ಪರಿಣಾಮದಿಂದಲೋ ಬಂದಿರುತ್ತದೆ. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಬಹಳ ಜನ ಮೊದಲಿನಂತಾಗುತ್ತಾರೆ.

ಔಷಧಗಳೂ ಬೇಸಿಗೆಯಲ್ಲಿ ಬೇರೆ ರೀತಿ ವರ್ತಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರು ಮತ್ತು ಸೋಡಿಯಂ ಎರಡನ್ನೂ ಇಳಿಸುತ್ತವೆ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ಬೆವರನ್ನು ತಡೆಯುತ್ತವೆ. ಲೀಥಿಯಂ ತೆಗೆದುಕೊಳ್ಳುವವರಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ವಿಷದ ಮಟ್ಟಕ್ಕೆ ಏರಬಹುದು. ಬಿಸಿಲು ಏರುವ ಮೊದಲೇ ಮಾತ್ರೆಯ ಚೀಟಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳುವುದು ಇದಕ್ಕಾಗಿಯೇ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು.

ಬಿಸಿಲು ಒಂಟಿ ಹಿರಿಯರನ್ನೇ ಹೆಚ್ಚು ಬಲಿ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಜಗತ್ತಿನ ಅನುಭವ ಸಾಕ್ಷಿ. 1995ರಲ್ಲಿ ಷಿಕಾಗೋದ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಒಬ್ಬರೇ ವಾಸವಾಗಿದ್ದ ವೃದ್ಧರು. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಸುಮಾರು ಹದಿನೈದು ಸಾವಿರ ಹೆಚ್ಚುವರಿ ಸಾವುಗಳಾದವು; ಅಲ್ಲಿಯೂ ಬಹುಪಾಲು ಹಿರಿಯರೇ. ಭಾರತದಲ್ಲಿ 2010ರ ಬಿಸಿಲಿನ ಹೊಡೆತದಿಂದ ಪಾಠ ಕಲಿತ ಅಹಮದಾಬಾದ್ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಲು ನಿರ್ವಹಣಾ ಯೋಜನೆ ರೂಪಿಸಿತು. ದಿನಕ್ಕೊಮ್ಮೆ ಯಾರಾದರೂ ಬಾಗಿಲು ಬಡಿದು ವಿಚಾರಿಸುವುದು ಬಿಸಿಲಿನ ದಿನಗಳಲ್ಲಿ ಜೀವ ಉಳಿಸುವ ಕೆಲಸ.

ಮುಂಗಾರು: ಮೋಡ, ಗಾಳಿ, ಕಾಯುವಿಕೆ

ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರ್‌ನ ಆಸುಪಾಸು. ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರ್ ಹೊತ್ತಿಗೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಇಲ್ಲಿ ಮಳೆಗಿಂತ ಮೋಡ ಮತ್ತು ಗಾಳಿಯೇ ಹೆಚ್ಚು. ಕಪ್ಪತಗುಡ್ಡದ ಸಾಲಿನಲ್ಲಿ ನಿಂತ ಗಾಳಿಯಂತ್ರಗಳು ಆ ಗಾಳಿಯ ಗುರುತು. ಸೂರ್ಯ ಕಾಣದ ದಿನಗಳು, ಬೀಸುವ ತಂಪು ಗಾಳಿ, ಆಗೊಮ್ಮೆ ಈಗೊಮ್ಮೆ ಜಿಟಿಜಿಟಿ ಹನಿ: ಈ ತಿಂಗಳುಗಳಲ್ಲಿ ಹಿರಿಯರು ಮನೆಯೊಳಗೆ ಸೇರಿಕೊಳ್ಳುತ್ತಾರೆ. ಎರೆಮಣ್ಣು ತೊಯ್ದರೆ ಕಾಲಿಗೆ ಮೆತ್ತಿಕೊಂಡು ಜಾರುತ್ತದೆ. ಒಮ್ಮೆ ಬಿದ್ದು ಸೊಂಟ ಮುರಿದವರ ಕಥೆ ಪ್ರತಿ ಓಣಿಯಲ್ಲೂ ಇರುತ್ತದೆ. ಬೀಳುವ ಭಯಕ್ಕೆ ಕಟ್ಟೆಗೆ ಹೋಗುವುದು, ಗುಡಿಗೆ ಹೋಗುವುದು ನಿಲ್ಲುತ್ತದೆ. ನಡಿಗೆ ನಿಂತರೆ ಕೀಲು ಬಿಗಿಯುತ್ತದೆ, ಕೀಲು ಬಿಗಿದರೆ ನಡಿಗೆ ಇನ್ನಷ್ಟು ಕಡಿಮೆಯಾಗುತ್ತದೆ. ನೋವು ಮತ್ತು ಖಿನ್ನತೆ ಒಂದನ್ನೊಂದು ಹೆಚ್ಚಿಸುತ್ತ ಹೋಗುತ್ತವೆ.

ಮಳೆ ಬಾರದಿದ್ದರೆ ಚಿಂತೆಯ ಭಾರ ಬೇರೆ. ಹೊಲ ಇಂದಿಗೂ ಬಹಳ ಮನೆಗಳಲ್ಲಿ ಹಿರಿಯರ ಹೆಸರಿನಲ್ಲೇ ಇದೆ. ಪತ್ತಿನ ಸಂಘದ ಸಾಲವೂ ಅವರ ಹೆಸರಿನಲ್ಲೇ ಇರುತ್ತದೆ. ಮೃಗಶಿರಾ, ಆರಿದ್ರಾ ಎಂದು ಮಳೆಯ ಲೆಕ್ಕ ಇಟ್ಟುಕೊಂಡು, ಹೆಸರು ಮತ್ತು ಶೇಂಗಾ ಬಿತ್ತನೆಗೆ ಹದ ಸಿಕ್ಕೀತೇ ಎಂದು ಆಕಾಶ ನೋಡುವವರು ಅವರೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದಕ್ಕೆ ನಾಲ್ಕು ವರ್ಷ ಮುಂಚೆ, 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹ ನರಗುಂದ ತಾಲ್ಲೂಕಿನ ಕೊಣ್ಣೂರು ಮುಂತಾದ ಊರುಗಳಿಗೆ ನುಗ್ಗಿತ್ತು. ಮನೆ ಬಿಟ್ಟು ಪರಿಹಾರ ಕೇಂದ್ರ ಸೇರುವುದು ಯಾರಿಗೂ ಕಷ್ಟವೇ. ಕಣ್ಣು ಮಂಜಾದವರಿಗೆ, ನೆನಪು ಕುಂದಿದವರಿಗೆ ಪರಿಚಿತ ಗೋಡೆ, ಬಾಗಿಲು, ಬಚ್ಚಲು ತಪ್ಪಿಹೋದರೆ ದಿಕ್ಕೇ ತೋಚದಂತಾಗುತ್ತದೆ.

ಈ ಮಂಕಿನ ತಿಂಗಳುಗಳಿಗೆ ಊರಿನ ಬದುಕು ತನ್ನದೇ ಮದ್ದನ್ನು ರೂಢಿಸಿಕೊಂಡಿದೆ. ಶ್ರಾವಣದಲ್ಲಿ ಮಠಗಳಲ್ಲಿ, ಗುಡಿಗಳಲ್ಲಿ ತಿಂಗಳಿಡೀ ಪುರಾಣ, ಪ್ರವಚನ ನಡೆಯುತ್ತವೆ. ಹಿರಿಯರ ಪಾಲಿಗೆ ಅದು ಭಕ್ತಿಯ ಜೊತೆಗೆ ಬೇರೆ ಲಾಭವನ್ನೂ ತರುತ್ತದೆ. ಪ್ರತಿ ಸಂಜೆ ಒಂದು ಗೊತ್ತಾದ ಹೊತ್ತಿಗೆ ಮುಖ ತೊಳೆದು, ಒಗೆದ ಬಟ್ಟೆ ಉಟ್ಟು, ನಾಲ್ಕು ಹೆಜ್ಜೆ ನಡೆದು, ಸರೀಕರ ನಡುವೆ ಕೂತು, ಮಂಗಳಾರತಿ ಮುಗಿದ ಮೇಲೆ ಸುಖದುಃಖ ಮಾತಾಡಿ ಬರುವ ನೇಮ ಅದರಿಂದ ದೊರೆಯುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಇಂದಿನ ಮನೋವೈದ್ಯರು ರೋಗಿಗೆ ಹೇಳಿಕೊಡುವುದೂ ಇಂಥದೇ ನೇಮವನ್ನು: ಮನಸ್ಸು ಬರುವವರೆಗೆ ಕಾಯಬೇಡಿ, ದಿನಕ್ಕೊಂದು ಕೆಲಸಕ್ಕೆ ಹೊತ್ತು ಗೊತ್ತುಮಾಡಿಕೊಂಡು ಹೊರಡಿ, ಉತ್ಸಾಹ ಆಮೇಲೆ ಬರುತ್ತದೆ ಎಂದು.

ಹಿಂಗಾರು ಮತ್ತು ಚಳಿ

ಬನ್ನಿ ಹಬ್ಬದ ಹೊತ್ತಿಗೆ ಹವೆ ತಿಳಿಯಾಗುತ್ತದೆ. ಬಿಳಿಜೋಳ, ಕಡಲೆ, ಕುಸುಬಿಯ ಬಿತ್ತನೆ ಮುಗಿದು ಹೊಲ ಹಸಿರಾಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಾಪಮಾನ ಸಾಮಾನ್ಯವಾಗಿ 15ರಿಂದ 18 ಡಿಗ್ರಿಗೆ ಇಳಿಯುತ್ತದೆ. ನಿದ್ದೆ ಚೆನ್ನಾಗಿ ಬರುತ್ತದೆ, ಹಸಿವು ಮರಳುತ್ತದೆ, ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ರುಚಿಸುತ್ತವೆ. ಶೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಗೆ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ಹಿರಿಯರು ಮುಂದಾಳುಗಳಾಗುತ್ತಾರೆ. ಪೂಜೆಯ ಕ್ರಮ, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲುವ ದಿಕ್ಕು, ಯಾವ ಬುತ್ತಿಯಲ್ಲಿ ಏನಿರಬೇಕು ಎಂಬುದನ್ನು ಹೇಳುವವರು ಅವರೇ. ತನ್ನಿಂದ ಇನ್ನೂ ಮನೆಗೆ ಬೇಕಾದ ಒಂದು ಕೆಲಸವಿದೆ ಎಂಬ ಅರಿವು ಮುಪ್ಪಿನ ಮನಸ್ಸಿಗೆ ದೊಡ್ಡ ಬಲ. ಎಳೆಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂರುವುದೂ ಈ ಕಾಲದಲ್ಲೇ. ಆ ಬಿಸಿಲು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ, ಜೊತೆಗೆ ಮಾತಿಗೆ ಜನ ಸಿಗುತ್ತಾರೆ.

ಚಳಿಗೂ ತನ್ನ ಅಪಾಯಗಳಿವೆ. ಚಳಿಗೆ ರಕ್ತನಾಳ ಬಿಗಿದು ರಕ್ತದೊತ್ತಡ ಏರುತ್ತದೆ. ಹೃದಯಾಘಾತ ಮತ್ತು ಲಕ್ವ ಚಳಿಗಾಲದ ಮುಂಜಾವಿನಲ್ಲಿ ಹೆಚ್ಚು. ದಮ್ಮು ಇದ್ದವರಿಗೆ ಬೆಂಕಿ ಕಾಯಿಸಿಕೊಳ್ಳುವಾಗಿನ ಹೊಗೆ ಕೇಡು. ಉಸಿರಾಟದ ತೊಂದರೆ ಮತ್ತು ಆತಂಕ ಒಟ್ಟೊಟ್ಟಿಗೆ ಬರುವುದರಿಂದ ಎದೆ ಬಿಗಿದಾಗ ಹಿರಿಯರು ರಾತ್ರಿಯಿಡೀ ಭಯದಲ್ಲಿ ಕೂರುತ್ತಾರೆ. ಕತ್ತಲಲ್ಲಿ ವಾಕಿಂಗ್ ಹೋಗುವ ಬದಲು ಬಿಸಿಲು ಬಿದ್ದ ಮೇಲೆ ನಡೆಯುವುದು ದೇಹಕ್ಕೂ ಮನಸ್ಸಿಗೂ ಒಳ್ಳೆಯದು.

ಶೀತದೇಶದ ಚಳಿಗಾಲವನ್ನು ಈ ಸೀಮೆಯ ಹಿರಿಯರು ನಿಜವಾಗಿ ಎದುರಿಸುವುದು ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋದಾಗ. ನವೆಂಬರ್‌ನಲ್ಲಿ ಹೋದವರಿಗೆ ನಾಲ್ಕು ಗಂಟೆಗೇ ಕತ್ತಲಾಗುವ ಊರು, ಮುಚ್ಚಿದ ಕಿಟಕಿ, ಕೆಲಸಕ್ಕೆ ಹೋದ ಮಕ್ಕಳು ಎಲ್ಲವೂ ಹೊಸದು. ಅಂಥ ಕಡೆ ಬೆಳಿಗ್ಗೆ ಎದ್ದ ಕೂಡಲೇ ಹತ್ತು ಸಾವಿರ ಲಕ್ಸ್ ಬೆಳಕಿನ ವಿಶೇಷ ದೀಪದ ಮುಂದೆ ಅರ್ಧ ತಾಸು ಕೂರುವ ಚಿಕಿತ್ಸೆ ಬಳಕೆಯಲ್ಲಿದೆ. ಕಣ್ಣಿನ ಕಾಯಿಲೆ ಇದ್ದವರು, ಉನ್ಮಾದದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಅದನ್ನು ಬಳಸಬೇಕು. ಸಾಧ್ಯವಿದ್ದವರು ಅಲ್ಲಿಯ ವಸಂತದ ಹೊತ್ತಿಗೆ ಪ್ರಯಾಣ ಇಟ್ಟುಕೊಳ್ಳುವುದು ಲೇಸು.

ಗುಳೆ ಮತ್ತು ಹಬ್ಬ

ಸುಗ್ಗಿ ಮುಗಿದರೆ ಕೂಲಿ ಮುಗಿಯಿತು. ಮುಂಡರಗಿ, ಶಿರಹಟ್ಟಿ ಭಾಗದ ಊರುಗಳಿಂದ, ತಾಂಡಾಗಳಿಂದ ದುಡಿಯುವ ವಯಸ್ಸಿನವರು ಗೋವಾ, ಮಂಗಳೂರು, ಬೆಂಗಳೂರಿನ ಕಡೆ ಗುಳೆ ಹೋಗುತ್ತಾರೆ. ಮನೆ ಕಾಯಲು, ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಹಾಕಲು ಹಿರಿಯರು ಉಳಿಯುತ್ತಾರೆ. ಹವೆ ಹಿತವಾಗಿರುವ ಕಾಲದಲ್ಲೇ ಮನೆ ಬರಿದಾಗಿಬಿಡುತ್ತದೆ. ಬೇಸಿಗೆ ಏರುವ ಹೊತ್ತಿಗೆ ನೀರು ತರಲು, ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಯಾರೂ ಇರುವುದಿಲ್ಲ. ಋತುವಿನ ಎರಡು ಹೊಡೆತಗಳು, ಒಂಟಿತನ ಮತ್ತು ಸೆಕೆ, ಒಂದೇ ಜೀವದ ಮೇಲೆ ಒಟ್ಟಿಗೆ ಬೀಳುತ್ತವೆ.

ಹಬ್ಬಗಳೂ ಎಲ್ಲರಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಪಂಚಮಿಗೆ ತವರಿಗೆ ಮಗಳು ಬಂದು, ಉಂಡಿ ಕಟ್ಟಿ, ಜೋಕಾಲಿ ಕಟ್ಟಿದ ಮನೆಯಲ್ಲಿ ಅಜ್ಜಿಯ ಮೊಣಕಾಲ ನೋವು ಮರೆತುಹೋಗುತ್ತದೆ. ಯಾರೂ ಬಾರದ ಮನೆಯಲ್ಲಿ ಅದೇ ಹಬ್ಬ ಗಾಯ ಕೆದಕುತ್ತದೆ. ಮಹಾಲಯ ಅಮಾವಾಸ್ಯೆಯ ಹಿರಿಯರ ಪೂಜೆ, ಸಂಗಾತಿ ತೀರಿಹೋದ ತಿಥಿ ಬರುವ ವಾರಗಳಲ್ಲಿ ದುಃಖ ಮರಳಿ ಏಳುವುದು ಸಹಜ. ಅದು ಕಾಯಿಲೆಯಲ್ಲ. ಆ ದಿನಗಳಲ್ಲಿ ತೀರಿಹೋದವರ ಮಾತು ತೆಗೆದು ಕೂತು ಕೇಳುವವರಿದ್ದರೆ ದುಃಖ ಹಗುರಾಗುತ್ತದೆ.

ಗುರುತಿಸುವುದು ಹೇಗೆ

ಹಿರಿಯರು ತಮಗೆ ಖಿನ್ನತೆ ಇದೆ ಎಂದು ಹೇಳಿಕೊಳ್ಳುವುದು ಅಪರೂಪ. ಜೀವಕ್ಕೆ ಸಮಾಧಾನವಿಲ್ಲ, ಬಾಯಿಗೆ ರುಚಿಯಿಲ್ಲ, ಮೈಕೈ ನೋವು, ಹೊಟ್ಟೆ ಉರಿ, ನಿದ್ದೆ ಹತ್ತುವುದಿಲ್ಲ ಎಂಬ ದೂರುಗಳಲ್ಲಿ ಅದು ಅಡಗಿರುತ್ತದೆ. 2017–18ರಲ್ಲಿ ಹಿರಿಯರ ಆರೋಗ್ಯದ ಬಗ್ಗೆ ದೇಶಾದ್ಯಂತ ನಡೆದ ಲಾಸಿ ಸಮೀಕ್ಷೆ ಇದನ್ನು ಅಂಕಿಗಳಲ್ಲಿ ತೋರಿಸಿತು. ಅರವತ್ತು ದಾಟಿದವರಲ್ಲಿ ಶೇ 8.3ರಷ್ಟು ಜನರಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ವೈದ್ಯರಿಂದ ಖಿನ್ನತೆ ಎಂದು ಗುರುತಾಗಿದ್ದವರು ಶೇ 0.8 ಮಾತ್ರ. ಹತ್ತರಲ್ಲಿ ಒಂಬತ್ತು ಜನರ ಸಂಕಟಕ್ಕೆ ಹೆಸರೇ ಸಿಕ್ಕಿರಲಿಲ್ಲ.

ಮನೆಯವರು ನೋಡಬೇಕಾದದ್ದು ಕೆಲವು ಸಂಗತಿಗಳನ್ನು. ಬೇಸರ ಅಥವಾ ನಿರಾಸಕ್ತಿ ಎರಡು ವಾರಕ್ಕಿಂತ ಹೆಚ್ಚು ಕಾಲ ಬಿಡದೆ ಇದೆಯೇ? ಊಟ, ಸ್ನಾನ, ಪೂಜೆಯಂಥ ದಿನದ ಕೆಲಸ ತಪ್ಪುತ್ತಿದೆಯೇ? ತೂಕ ಇಳಿಯುತ್ತಿದೆಯೇ? ಬದುಕಿದ್ದು ಸಾಕು, ಎಲ್ಲರಿಗೂ ಭಾರವಾಗಿದ್ದೇನೆ ಎಂಬ ಮಾತು ಮರಳಿ ಬರುತ್ತಿದೆಯೇ? ಹವೆ ಬದಲಾದರೂ ಮನಸ್ಸು ಹಿಂದಿನ ಸ್ಥಿತಿಗೆ ಮರಳಲಿಲ್ಲವೇ? ಇವುಗಳಲ್ಲಿ ಯಾವುದಕ್ಕೆ ಹೌದೆಂಬ ಉತ್ತರ ಬಂದರೂ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ, ಮರೆವಿನ ಕಾಯಿಲೆಯ ಆರಂಭ ಕೂಡ ಖಿನ್ನತೆಯಂತೆಯೇ ಕಾಣುವುದರಿಂದ ರಕ್ತಪರೀಕ್ಷೆ ಅಗತ್ಯ. ಸಾಯುವ ಮಾತು ಬಂದರೆ ಅಂದೇ ನೆರವು ಪಡೆಯಬೇಕು. ಒಬ್ಬರನ್ನೇ ಬಿಡದೆ, ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದ ದೂರ ಇಡಬೇಕು.

ಋತುವಿಗೆ ತಕ್ಕ ಆರೈಕೆ

ಬೇಸಿಗೆಗೆ ಮೊದಲು ಹಿರಿಯರ ಹಾಸಿಗೆಯನ್ನು ಮನೆಯ ಅತಿ ತಂಪಾದ, ಬಚ್ಚಲಿಗೆ ಹತ್ತಿರದ ಜಾಗಕ್ಕೆ ಬದಲಿಸುವುದು ಮೊದಲ ಕೆಲಸ. ಚಾವಣಿಗೆ ಸುಣ್ಣ ಬಳಿದರೆ ಒಳಗಿನ ಬಿಸಿ ಕಡಿಮೆಯಾಗುತ್ತದೆ. ಮಲಗುವ ಮುನ್ನ ಕೈಕಾಲಿಗೆ ತಣ್ಣೀರು, ಒದ್ದೆ ಬಟ್ಟೆಯಿಂದ ಮೈ ಒರೆಸುವುದು ನಿದ್ದೆಗೆ ಸಹಾಯಕ. ನೀರು, ಮಜ್ಜಿಗೆ, ಅಂಬಲಿಯನ್ನು ಬಾಯಾರಿಕೆಗೆ ಕಾಯದೆ ಹೊತ್ತು ಹೊತ್ತಿಗೆ ಕೊಡಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಮಳೆಗಾಲದಲ್ಲಿ ಅಂಗಳದಿಂದ ರಸ್ತೆಯವರೆಗೆ ಫರ್ಸಿ ಕಲ್ಲು ಹಾಸುವುದು, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳು ಹಾಕಿಸುವುದು, ಹಗಲು ಹೊತ್ತು ಬಾಗಿಲ ಬಳಿ ಬೆಳಕಿಗೆ ಕೂರಿಸುವುದು ದುಬಾರಿಯ ಕೆಲಸಗಳಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ದೃಷ್ಟಿಯ ಜೊತೆಗೆ ನಿದ್ದೆ ಮತ್ತು ಮನಸ್ಸಿಗೂ ಉಪಕಾರಿ. ಗುಳೆ ಹೋಗುವವರು ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಫೋನ್ ಮಾಡುವುದು, ನೆರೆಯವರೊಬ್ಬರಿಗೆ ವಿಚಾರಿಸುವ ಹೊಣೆ ಒಪ್ಪಿಸಿ ಹೋಗುವುದು ಅಷ್ಟೇ ಮುಖ್ಯ.

ಚಿಕಿತ್ಸೆಗೆ ದೂರ ಹೋಗಬೇಕಾದ ಕಾಲ ಈಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ಏರ್ಪಾಡಿದೆ. ಗದಗಿನಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567. ಖಿನ್ನತೆಯ ಮಾತ್ರೆಗಳು ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು; ಹಿರಿಯರಲ್ಲಿ ಇನ್ನೂ ಕೊಂಚ ಹೆಚ್ಚು. ಗುಣ ಕಾಣಲಿಲ್ಲವೆಂದು ನಡುವೆ ಬಿಡುವವರೇ ಹೆಚ್ಚಾದ್ದರಿಂದ ಇದನ್ನು ಮೊದಲೇ ತಿಳಿದಿರಬೇಕು.

ಊರಿನ ಮಟ್ಟದಲ್ಲಿ ಗ್ರಾಮ ಪಂಚಾಯಿತಿ, ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘಗಳು ಸೇರಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿಟ್ಟುಕೊಳ್ಳಬಹುದು. ಯುಗಾದಿಗೆ ಮುಂಚೆ ಒಮ್ಮೆ, ಮುಂಗಾರಿಗೆ ಮುಂಚೆ ಒಮ್ಮೆ, ಸುಗ್ಗಿಯ ನಂತರ ಒಮ್ಮೆ ಆ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ನಿದ್ದೆ, ನೀರು, ಮಾತ್ರೆ, ಜೊತೆಗಾರರು ಎಂಬ ನಾಲ್ಕು ಪ್ರಶ್ನೆ ಕೇಳಿ ಬಂದರೆ, ಒಂದು ಋತುವಿನ ಸಂಕಟ ಮುಂದಿನ ಋತುವಿಗೆ ದಾಟದಂತೆ ತಡೆಯಬಹುದು.